ಪಾದ್ರಿ ಬಂಗಲೆಯಲ್ಲಿ ಮತ್ತೆ ಒಲೆ ಉರಿಯಬೇಕಾದರೆ

ಕರಾವಳಿಯ ಹಳೆಯ ಪಾದ್ರಿ ಬಂಗಲೆಗಳಿಗೆ ಮಳೆಗಿಂತ ದೊಡ್ಡ ಶತ್ರು ಸಿಮೆಂಟು. ವರ್ಷಕ್ಕೆ 3,000 ಮಿ.ಮೀ. ದಾಟಿ ಸುರಿಯುವ ಮಳೆಗೆ ತಲೆಮಾರುಗಳ ಕಾಲ ಜಗ್ಗದ ಮುರಕಲ್ಲಿನ ಗೋಡೆ, ಒಳ್ಳೆಯ ಮನಸ್ಸಿನಿಂದಲೇ ಮಾಡಿಸಿದ ಒಂದು ರಿಪೇರಿಗೆ ಸೋಲುತ್ತದೆ. ಮುರಕಲ್ಲಿನ ಮೈಯೆಲ್ಲ ತೂತು. ಆಟಿಯ ಮಳೆಯಲ್ಲಿ ಹೀರಿದ ನೀರನ್ನು ಅದು ಬೇಸಿಗೆಯೊಳಗೆ ಹೊರಗೆ ಬಿಡಬೇಕು. ಸುಣ್ಣದ ಗಾರೆ ಇದಕ್ಕೆ ದಾರಿ ಕೊಡುತ್ತದೆ, ಸಿಮೆಂಟು ಕಟ್ಟುತ್ತದೆ. ಸಿಕ್ಕಿಬಿದ್ದ ತೇವ ಉಪ್ಪನ್ನು ಎಳೆದು ತಂದು ಬಣ್ಣವನ್ನು ಉಬ್ಬಿಸುತ್ತದೆ. ಕೊನೆಗೆ ಗಿಲಾವು ಕಳಚುವಾಗ ಕಲ್ಲಿನ ಮುಖವೂ ಅದರ ಜೊತೆಗೇ ಬರುತ್ತದೆ. ಆಗ ಎಲ್ಲರೂ ಬೈಯುವುದು ಮಳೆಯನ್ನು!

ಇಂಥ ಬಂಗಲೆ ಕಟ್ಟಿಸಿದ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಅವರ ಮುದ್ರಣಾಲಯ, 1843ರಲ್ಲಿ ಮಿಷನರಿ ಮೊಗ್ಲಿಂಗ್ ಸಂಪಾದಕತ್ವದ ‘ಮಂಗಳೂರ ಸಮಾಚಾರ’ ಪತ್ರಿಕೆ. ಹಂಚಿನ ಕಾರ್ಖಾನೆ ಶುರುವಾದದ್ದು ಮಾತ್ರ 1865ರಲ್ಲಿ, ಪ್ಲೆಬ್ಸ್ಟ್ ಎಂಬವರಿಂದ. ಎಂದರೆ ಅದಕ್ಕೂ ಹಿಂದಿನ ಬಂಗಲೆಯ ಮೇಲೆ ಇಂದು ಮಂಗಳೂರು ಹಂಚು ಕಂಡರೆ ಅದು ಆಮೇಲೆ ಬಂದದ್ದೇ. ‘ಮೂಲ ರೂಪಕ್ಕೆ ತರುತ್ತೇವೆ’ ಎನ್ನುವವರು ಯಾವ ವರ್ಷದ ಮೂಲ ಎಂದು ಮೊದಲು ಹೇಳಬೇಕು. ಈ ಮನೆಗಳು ಉಳಿದದ್ದು ಬದಲಾಗುತ್ತಲೇ.

ತಲಶ್ಶೇರಿಯ ಇಲ್ಲಿಕುನ್ನಿನಲ್ಲಿ ಅದೇ ಮಿಷನ್‌ನ ಗುಂಡರ್ಟ್ ಇದ್ದ ಬಂಗಲೆ ಈಗ ಮ್ಯೂಸಿಯಂ. ಮಲಯಾಳದ ‘ರಾಜ್ಯಸಮಾಚಾರಂ’ ಪತ್ರಿಕೆ 1847ರಲ್ಲಿ ಹೊರಬಂದ ಜಾಗಕ್ಕೆ ಅದು ಸಲ್ಲಬೇಕಾದ ಗೌರವವೇ. ಆದರೆ ಊರೂರಿನ ಬಂಗಲೆಗಳನ್ನೆಲ್ಲ ಮ್ಯೂಸಿಯಂ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ಮಂಗಳೂರಿನ ಬಲ್ಮಠದ ಮಿಷನ್ ಆವರಣದಲ್ಲಿ ಇವತ್ತಿಗೂ ದೇವಜ್ಞಾನ ಕಾಲೇಜು ನಡೆಯುತ್ತಿದೆ; ಬಳಸುತ್ತಲೇ ಉಳಿಸುವ ಆ ದಾರಿಯೇ ನನಗೆ ಹೆಚ್ಚು ಹಿಡಿಸುವುದು.

ಬಂಗಲೆಯಲ್ಲಿ ಮತ್ತೆ ಸಂಸಾರ ಹೂಡುವುದೆಂದ ಮೇಲೆ ಬಚ್ಚಲು ಬೇಕು, ಫ್ಯಾನು ಬೇಕು, ಇನ್ವರ್ಟರೂ ಬೇಕು. ಜಾಣತನ ಇರುವುದು ಅವನ್ನು ಎಲ್ಲಿ ಕೂರಿಸುತ್ತೇವೆ ಎಂಬುದರಲ್ಲಿ. ಮುರಕಲ್ಲಿನ ಗೋಡೆ ಕೊರೆದು ನೀರಿನ ಪೈಪು ಹುಗಿದರೆ ಸೋರಿಕೆ ಕಣ್ಣಿಗೆ ಬೀಳುವಷ್ಟರಲ್ಲಿ ಗೋಡೆ ನೆನೆದು ಹೋಗಿರುತ್ತದೆ. ಬಚ್ಚಲನ್ನು ಹಿಂಬದಿಯ ಜಗಲಿಯ ತುದಿಗೆ ಒಯ್ದು, ಪೈಪನ್ನು ಗೋಡೆಯ ಹೊರಗೇ ಬಿಡುವುದು ಲೇಸು. ಚಂದ ಸ್ವಲ್ಪ ಕಡಿಮೆಯಾದೀತು, ಆಗಲಿ. ಮಾಡಿನ ಕೆಲಸದಲ್ಲೂ ದುಡುಕು ಸಲ್ಲದು. ಹಂಚು ಹೊರುವ ಪಕ್ಕಾಸು ಸಾಮಾನ್ಯವಾಗಿ ಕೊಳೆಯುವುದು ಗೋಡೆಯ ಮೇಲೆ ಕೂರುವ ತುದಿಯಲ್ಲಿ. ನುರಿತ ಬಡಗಿ ಅಷ್ಟನ್ನೇ ಕತ್ತರಿಸಿ, ಅದೇ ಜಾತಿಯ ಮರವನ್ನು ಓರೆಯಾಗಿ ಬೆಸೆದು ಬೋಲ್ಟು ಹಾಕುತ್ತಾನೆ. ಅಂಥ ಬಡಗಿ ಸಿಗದ ಕಡೆ ಇಡೀ ಮಾಡು ಕಳಚಿ, ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಶೀಟು ಹೊದಿಸಿಬಿಡುತ್ತಾರೆ. ಮಳೆ ಶುರುವಾದರೆ ಅದರಡಿ ಒಬ್ಬರ ಮಾತು ಒಬ್ಬರಿಗೆ ಕೇಳಿಸದು. ಏಪ್ರಿಲ್‌ನ ಸೆಕೆಯಲ್ಲಿ ಕೂತು ನೋಡಬೇಕು!

ಜಾತ್ರೆ, ಹಬ್ಬಕ್ಕೆ ಚಂದಾ ಎತ್ತುವಷ್ಟು ಸುಲಭವಾಗಿ ಇಂಥ ಕೆಲಸಕ್ಕೆ ಹಣ ಏಳುವುದಿಲ್ಲ. ಹಾಗಾಗಿ ಚರ್ಚ್ ಸಭೆಯ ಲೆಕ್ಕದಲ್ಲಿ ವರ್ಷವರ್ಷವೂ ಒಂದು ಚಿಕ್ಕ ಮೊತ್ತ ಇದಕ್ಕೇ ಎಂದು ಇಟ್ಟರೆ ಸಾಕು. ಮೇ ತಿಂಗಳಲ್ಲಿ ಹಂಚು ಕೈಯಾಡಿಸಲು ಇಬ್ಬರು ಆಳು, ಒಡೆದ ಹಂಚಿಗೆ ಬದಲಿ, ಮಾಡಿನ ನೀರು ಹರಿಯುವ ದೋಣಿಯಲ್ಲಿ ತುಂಬಿದ ತರಗೆಲೆ ತೆಗೆಸಲು ಅರ್ಧ ದಿನದ ಕೂಲಿ.