ಹೋರಿಯ ಹಲ್ಲು ನೋಡಿ ನೊಗ ಹೂಡ್ರಿ: ಕರುವಿನ ಎಲುಬು ಬೆಳೆಯುವ ಲೆಕ್ಕ

"ಹೋರಿ ಮೈ ತುಂಬೈತಿ, ಈ ಮುಂಗಾರಿಗೆ ಕುಂಟಿಗೆ ಹೂಡಬಹುದೇನ್ರಿ?" ನವಲಗುಂದ, ಅಣ್ಣಿಗೇರಿ ಕಡೆಯ ಹುಡುಗರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. "ಕರುವಿನ ಕಾಲು ಸೊಟ್ಟ ಆಗ್ಯಾವ, ಯಾವ ಟಾನಿಕ್ ಹಾಕ್ಲಿ?" ಅನ್ನುವುದು ಇನ್ನೊಂದು. ಎರಡಕ್ಕೂ ಉತ್ತರ ಎಲುಬಿನ ತುದಿಯಲ್ಲಿರುವ ಒಂದು ತೆಳ್ಳನೆಯ ಪಟ್ಟಿಯಲ್ಲಿದೆ.

ಪಟ್ಟಿಯೊಳಗೆ ನಡೆಯುವುದೇನು?

ಕರುವಿನ ಕಿವಿ ಹಿಡಿದು ನೋಡ್ರಿ, ಬಾಗುತ್ತದೆ. ಒಳಗಿರುವುದು ಮೃದ್ವಸ್ಥಿ, ಅಂದರೆ ಮೆತ್ತನೆ ಎಲುಬು. ಅದೇ ಬಳಗದ ಒಂದು ಪಟ್ಟಿ ಕಾಲಿನ ಉದ್ದ ಎಲುಬುಗಳ ತುದಿಗೂ ಇರುತ್ತದೆ. ಎಲುಬು ಉದ್ದ ಆಗುವುದು ಅಲ್ಲಿ ಮಾತ್ರ. ಅಲ್ಲಿನ ಜೀವಕೋಶಗಳು ನಾಣ್ಯ ಪೇರಿಸಿದಂತೆ ಸಾಲಾಗಿ ನಿಂತಿರುತ್ತವೆ. ಮೊದಲು ಒಂದು ಎರಡಾಗಿ ಹೆಚ್ಚುತ್ತವೆ, ಆಮೇಲೆ ಉಬ್ಬುತ್ತವೆ, ಸುತ್ತಲೂ ಸುಣ್ಣ ಕಟ್ಟುತ್ತದೆ. ಕೊನೆಗೆ ಹೆಚ್ಚಿನವು ಸತ್ತು ಗಟ್ಟಿ ಎಲುಬಿಗೆ ಜಾಗ ಬಿಡುತ್ತವೆ.

ಯಾವಾಗ ಹೆಚ್ಚಬೇಕು, ಯಾವಾಗ ಉಬ್ಬಬೇಕು ಅಂತ ಹೇಳುವುದು ಬೆಳವಣಿಗೆ ಅಂಶಗಳೆಂಬ ಪ್ರೋಟೀನುಗಳು ಮತ್ತು ಹಾರ್ಮೋನುಗಳು. ಮುಖ್ಯವಾದವು ಇವು:

ಐಜಿಎಫ್-1: ಇದು ಆಕ್ಸಿಲರೇಟರ್. ಯಕೃತ್ತಿನಲ್ಲೂ ಪಟ್ಟಿಯಲ್ಲೂ ತಯಾರಾಗುತ್ತದೆ. ಹಾಲು, ಮೇವು ಕಡಿಮೆ ಬಿದ್ದರೆ ರಕ್ತದಲ್ಲಿ ಇದು ಇಳಿಯುತ್ತದೆ, ಬೆಳವಣಿಗೆ ನಿಧಾನ ಆಗುತ್ತದೆ.

ಐಎಚ್‌ಎಚ್ ಮತ್ತು ಪಿಟಿಎಚ್‌ಆರ್‌ಪಿ: ಇವು ಜೋಡಿ. ಮಲಪ್ರಭಾ ಕಾಲುವೆಯ ಕೆಳಗಿನವರು ಮೇಲಿನ ಗೇಟಿನವರಿಗೆ ಫೋನ್ ಮಾಡಿದಂತೆ, ಉಬ್ಬಲು ಹೊರಟ ಕೋಶಗಳು ಐಎಚ್‌ಎಚ್ ಕಳಿಸುತ್ತವೆ. ಅದಕ್ಕೆ ಎಲುಬಿನ ತುದಿಯ ಕೋಶಗಳು ಪಿಟಿಎಚ್‌ಆರ್‌ಪಿ ಬಿಟ್ಟು "ಉಳಿದವರು ಈಗಲೇ ಉಬ್ಬಬ್ಯಾಡ್ರಿ, ಇನ್ನಷ್ಟು ಹೆಚ್ಚಾಗ್ರಿ" ಅನ್ನುತ್ತವೆ. ಹಿಂಗಾಗಿ ಸಾಲು ಬೇಗ ಖಾಲಿ ಆಗುವುದಿಲ್ಲ. ಈ ಸುತ್ತು ಗೊತ್ತಾಗಿದ್ದು 1996ರಲ್ಲಿ.

ಎಫ್‌ಜಿಎಫ್‌ಆರ್-3: ಇದು ಬ್ರೇಕ್. ಸಫೋಕ್ ಕುರಿಗಳ ಕೆಲವು ಮರಿಗಳಲ್ಲಿ ಈ ಬ್ರೇಕ್ ಹುಟ್ಟಿನಿಂದಲೇ ಕೆಟ್ಟಿರುತ್ತದೆ, ಕಾಲು ಜೇಡದಂತೆ ಉದ್ದವಾಗಿ ತಿರುಚಿಕೊಳ್ಳುತ್ತವೆ. ಮನುಷ್ಯರಲ್ಲಿ ಇದೇ ಬ್ರೇಕ್ ಬಿಗಿಯಾಗಿ ಹಿಡಿದರೆ ಒಂದು ಬಗೆಯ ಕುಳ್ಳತನ ಬರುತ್ತದೆ. ಅದು 1994ರಲ್ಲಿ ಗೊತ್ತಾಯಿತು.

ಈಸ್ಟ್ರೋಜೆನ್: ಅಂಗಡಿ ಬಾಗಿಲು ಹಾಕುವುದು ಇದು. ಹೋರಿಯ ಮೈಯಲ್ಲೂ ಗಂಡು ಹಾರ್ಮೋನಿನ ಸ್ವಲ್ಪ ಭಾಗ ಈಸ್ಟ್ರೋಜೆನ್ ಆಗಿ ಬದಲಾಗಿ ಪಟ್ಟಿಯನ್ನು ಮುಚ್ಚುತ್ತದೆ. ಸಣ್ಣ ವಯಸ್ಸಿನಲ್ಲೇ ಬೀಜ ಒಡೆಸಿದ ಎತ್ತಿನ ಕಾಲು ಉದ್ದ ಆಗುವುದು ಇದಕ್ಕೇ. ಅಂಥ ಎತ್ತಿನಲ್ಲಿ ಪಟ್ಟಿ ತಡವಾಗಿ ಮುಚ್ಚುತ್ತದೆ.

ನಮ್ಮ ಕೈಯಲ್ಲಿರುವುದು ಮೂರು

1. ಮೇವು. ಬರೇ ಜೋಳದ ಕಣಕಿ ಹಾಕಿದರೆ ಕರುವಿಗೆ ಪ್ರೋಟೀನೂ ರಂಜಕವೂ ಸಾಲುವುದಿಲ್ಲ. ಹಾಲು ಬಿಡಿಸಿದ ಮೇಲೂ ಹಸಿಮೇವು, ಹಿಂಡಿ, ಗೋಧಿ ಬೂಸಾ ಇರಲಿ.

2. ಖನಿಜ ಮತ್ತು ಬಿಸಿಲು. ಉಬ್ಬಿದ ಕೋಶ ಸರಿಯಾದ ಹೊತ್ತಿಗೆ ಸಾಯಬೇಕಾದರೆ ರಂಜಕ ಬೇಕು. ಅದಿಲ್ಲದಿದ್ದರೆ ಪಟ್ಟಿ ದಪ್ಪವಾಗಿ ಕೀಲಿನ ಹತ್ತಿರ ಗಂಟಾಗುತ್ತದೆ, ಕಾಲು ಬಾಗುತ್ತದೆ. ಇದೇ ರಿಕೆಟ್ಸ್. ಬರೇ ಕ್ಯಾಲ್ಸಿಯಂ ಬಾಟಲಿ ಸುರಿದರೆ ಆಗದು, ಅದು ಅತಿಯಾದರೆ ರಂಜಕ ಮೈಗೆ ಹತ್ತುವುದೇ ಕಡಿಮೆಯಾಗುತ್ತದೆ. ಎರಡೂ ಇರುವ ಖನಿಜ ಮಿಶ್ರಣವನ್ನು ಪ್ಯಾಕೆಟ್ ಮೇಲಿನ ಅಳತೆಯಂತೆ ಕೊಡ್ರಿ. ವಿಟಮಿನ್ ಡಿ ಸಿಗಲು ಕರುವನ್ನು ದಿನಾ ಸ್ವಲ್ಪ ಹೊತ್ತು ಬಿಸಿಲಿಗೆ ಕಟ್ರಿ.

3. ವಯಸ್ಸು. ಪಟ್ಟಿ ಮುಚ್ಚಿದೆಯೋ ಇಲ್ಲವೋ ಹೊರಗಿಂದ ಕಾಣುವುದಿಲ್ಲ, ಹಲ್ಲು ಕಾಣುತ್ತದೆ. ಹಾಲಹಲ್ಲಿನ ಹೋರಿಗೆ ನೊಗ ಬೇಡವೇ ಬೇಡ. ಎರಡು ಹಲ್ಲು ಬರುವುದು ಸುಮಾರು ಎರಡು, ಎರಡೂವರೆ ವರ್ಷಕ್ಕೆ. ಆಗ ಕಾಲಿನ ಕೆಳಗಿನ ಪಟ್ಟಿಗಳು ಮುಚ್ಚುತ್ತಿರುತ್ತವೆ, ಮಂಡಿಯ ಹತ್ತಿರದವು ಮೂರೂವರೆ, ನಾಲ್ಕು ವರ್ಷದವರೆಗೂ ತೆರೆದೇ ಇರುತ್ತವೆ. ಹಾಗಾಗಿ ನನ್ನ ಸಲಹೆ: ಎರಡು ಹಲ್ಲಿಗೆ ಬರೀ ನೊಗದ ರೂಢಿ, ನಾಲ್ಕು ಹಲ್ಲಿಗೆ ಖಾಲಿ ಚಕ್ಕಡಿ ಮತ್ತು ಹಗುರ ಕೆಲಸ, ಆರು ಹಲ್ಲಾದ ಮೇಲೆ ಎರಿ ಹೊಲದ ರಂಟಿ, ತುಂಬಿದ ಚಕ್ಕಡಿ. ಹಸಿ ಎರಿಯಲ್ಲಿ ಕಾಲು ಹುಗಿದು ಎಳೆಯುವಾಗ ಬೀಳುವ ಭಾರ ಸಣ್ಣದಲ್ಲ. ತೆರೆದ ಪಟ್ಟಿಗೆ ಪೆಟ್ಟಾದರೆ ಆ ಕಾಲು ಗಿಡ್ಡವೋ ಸೊಟ್ಟವೋ ಆಗಿ ಉಳಿಯಬಹುದು.

ಟಾನಿಕ್ ಕೊಳ್ಳುವ ಮುಂಚೆ

ಪಟ್ಟಿ ಮುಚ್ಚಿದ ಮೇಲೆ ಯಾವ ಟಾನಿಕ್ಕೂ ಎತ್ತನ್ನು ಒಂದು ಬೆರಳು ಎತ್ತರ ಮಾಡುವುದಿಲ್ಲ. ಆ ರೊಕ್ಕವನ್ನು ಮುಂದಿನ ಕರುವಿನ ಮೊದಲ ವರ್ಷದ ಮೇವಿಗೆ ಇಡ್ರಿ.

ಒಂದು ಎಚ್ಚರಿಕೆ. ಎಳೆಗರುವಿನ ಕೀಲು ಬಾತು, ಮುಟ್ಟಿದರೆ ಬಿಸಿ ಇದ್ದು, ಜ್ವರವೂ ಇದ್ದರೆ ಅದು ರಿಕೆಟ್ಸ್ ಅಲ್ಲ, ಹೊಕ್ಕುಳದಿಂದ ಹತ್ತಿದ ಸೋಂಕು ಇರಬಹುದು. ಅದಕ್ಕೆ ಮನೆಮದ್ದು ಬೇಡ. ಅವತ್ತೇ ಪಶು ಆಸ್ಪತ್ರೆಗೆ ಒಯ್ಯಿರಿ, ಇಲ್ಲವೇ 1962ಕ್ಕೆ ಫೋನ್ ಮಾಡ್ರಿ.