ಕೆರೆ ದಡಕ್ಕೆ ಲಾನ್ ಬೇಡ

ಅನ್ನಪೂರ್ಣೇಶ್ವರಿ ನಗರದಿಂದ ಮಲ್ಲತ್ತಹಳ್ಳಿ ಕೆರೆ ಕಡೆ ವಾಕ್ ಹೋದರೆ ನಾವೆಲ್ಲ ನೋಡೋದು ನೀರನ್ನು. ನೀರಿಗೂ ದಾರಿಗೂ ನಡುವಿನ ಒದ್ದೆ ನೆಲ ಯಾರ ಕಣ್ಣಿಗೂ ಬೀಳಲ್ಲ. ಅಂಥ ಕಡೆ ಏನಾದರೂ ನೆಡೋಣ ಅಂದರೆ ಮೊದಲು ಹೊಳೆಯೋದು ಲಾನ್. ಆದರೆ ಲಾನ್‌ನಲ್ಲಿ ಜೇನಿಗೆ ಊಟ ಇಲ್ಲ.

ಒದ್ದೆ ನೆಲಕ್ಕೆ ನಮ್ಮದೇ ಹೂಗಿಡಗಳಿವೆ: ನೆಲಹಿಪ್ಪಲಿ, ನೀರುಬ್ರಾಹ್ಮಿ, ನೇರಳೆ ಹೂವು ಬಿಡುವ ಮುಳ್ಳುಗಿಡ ಕೊಳವಳಿಕೆ. ನೆಲಹಿಪ್ಪಲಿ ನೆಲಕ್ಕೇ ಅಂಟಿಕೊಂಡು ಹರಡುತ್ತೆ, ಗೆಣ್ಣುಗೆಣ್ಣಿಗೂ ಬೇರು ಬಿಡುತ್ತೆ. ಹಾಗಾಗಿ ಬೀಜ ಹುಡುಕಬೇಕಿಲ್ಲ, ಮಳೆ ಶುರುವಾದಾಗ ತುಂಡು ನೆಟ್ಟರೆ ಸಾಕು. ಪೀಕಾಕ್ ಪ್ಯಾನ್ಸಿ ಚಿಟ್ಟೆ ಇದರ ಮೇಲೂ ಕೊಳವಳಿಕೆ ಮೇಲೂ ಮೊಟ್ಟೆ ಇಡುತ್ತೆ. ಹುಳು ಎಲೆ ತಿಂತಿದೆ ಅಂತ ಔಷಧಿ ಹೊಡೀಬೇಡಿ, ಗಿಡ ನೆಟ್ಟಿದ್ದೇ ಅದಕ್ಕೆ!

ನಮಗೆ ಅಚ್ಚರಿಯಾಗಿದ್ದು ಗೊಬ್ಬರದ ವಿಷಯ. ಇಲ್ಲಿ ಹಾಕಲೇಬಾರದು. ಕೊಳಚೆ ಸೇರಿದ ನೀರಲ್ಲಿ ನೈಟ್ರೋಜನ್, ಫಾಸ್ಫರಸ್ ಮೊದಲೇ ಜಾಸ್ತಿ. ಅದರಿಂದ ಜೊಂಡು, ಎತ್ತರದ ಹುಲ್ಲು ಕೊಬ್ಬಿ ಕುಳ್ಳ ಗಿಡಗಳಿಗೆ ಬಿಸಿಲೇ ಸಿಗಲ್ಲ. ಆದ್ದರಿಂದ ಹೂಗಿಡಗಳ ಬೀಜ ಉದುರಿದ ಮೇಲೆ ಹುಲ್ಲು ಕತ್ತರಿಸಿ ಹೊರಗೆ ಸಾಗಿಸಬೇಕು. ಅಲ್ಲೇ ಬಿಟ್ಟರೆ ಕೊಳೆತು ಮತ್ತೆ ಗೊಬ್ಬರ. ಮಾಸ್ ಬ್ಯಾಲೆನ್ಸ್, ಅಷ್ಟೇ. ಹಾಗಂತ ಜೊಂಡು ವಿಲನ್ ಅಲ್ಲ: ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದ ನೀರು ಜೊಂಡಿನ ಜೌಗು ದಾಟಿಯೇ ಕೆರೆ ಸೇರೋದು.

ಒಂದೇ ದಿನ ಪೂರ್ತಿ ಬೋಳಿಸಬೇಡಿ. ಅರ್ಧ ಬಿಟ್ಟರೆ ಚಿಟ್ಟೆ ಮರಿಗಳು ಉಳಿಯುತ್ತವೆ. ಸ್ವಲ್ಪ ಎತ್ತರದಲ್ಲಿ ಒಂದಿಷ್ಟು ಬರಿಮಣ್ಣನ್ನೂ ಬಿಡಿ. ನೀಲಿಪಟ್ಟೆಯ ಒಂಟಿ ಜೇನು ಗೂಡು ಕೊರೆಯೋದು ಮಣ್ಣಲ್ಲೇ. ಟೊಮೇಟೊ ಹೂವನ್ನು ಗಡಗಡ ನಡುಗಿಸಿ ಪರಾಗ ಉದುರಿಸೋದು ಇದೇ.