ಭಿಕ್ಷುಕನ ಹಿಂದಿರುವ ಬಿಳಿ ಕಾಗದ

ಬರೋಕ್ ಕಾಲದ ಯುರೋಪಿನಲ್ಲಿ ಭಿಕ್ಷುಕರನ್ನು ಬರೆದವರ ಪೈಕಿ ಮೊದಲು ಹೇಳಬೇಕಾದ ಹೆಸರು ಜಾಕ್ ಕಾಲೊ. ಲೊರೇನ್ ಸೀಮೆಯ ನಾನ್ಸಿಯವನು. ಫ್ಲಾರೆನ್ಸಿನ ಮೆಡಿಚಿ ದೊರೆಗಳ ಆಶ್ರಯದಲ್ಲಿದ್ದು ಊರಿಗೆ ಮರಳಿದ ಮೇಲೆ, 1622ರ ಸುಮಾರಿಗೆ, ಭಿಕ್ಷುಕರ 25 ಚಿತ್ರಗಳ ಮಾಲೆ ಮಾಡಿದ. ಎಲ್ಲವೂ ಎಚಿಂಗ್. ಮೇಣ ಬಳಿದ ತಾಮ್ರದ ತಗಡನ್ನು ಸೂಜಿಯಿಂದ ಗೀರಿ, ಆಮ್ಲದಲ್ಲಿ ಅದ್ದಿ, ಮಸಿ ತುಂಬಿ ಅಚ್ಚು ತೆಗೆಯುವ ಕೆಲಸ ಅದು. ಒಂದೇ ತಗಡಿನಿಂದ ಎಷ್ಟೋ ಪ್ರತಿ. ಬಾಗಿಲಾಚೆ ನಿಂತವನ ಚಿತ್ರ ಹೀಗೆ ಉಳ್ಳವರ ಒಳಮನೆ ಸೇರಿತು.

ಕಾಲೊನ ರೇಖೆ ಅದ್ಭುತವೇ, ಇಲ್ಲ ಅನ್ನಲಾರೆ. ಚಿಂದಿ, ಊರುಗೋಲು, ಜೋಳಿಗೆ ಒಂದೊಂದೂ ಕಣ್ಣಿಗೆ ಕಟ್ಟುತ್ತೆ. ಆದರೆ ಆ ಮನುಷ್ಯನ ಹಿಂದೆ ಏನಿದೆ? ಬರೀ ಬಿಳಿ ಕಾಗದ. ಬೀದಿಯಿಲ್ಲ, ಮನೆಯಿಲ್ಲ, ಕೊಡುವವನ ಸುಳಿವೂ ಇಲ್ಲ. ಇವರು ಹುಟ್ಟಿದ್ದೇ ಹೀಗೆ ಅನ್ನುವ ಹಾಗೆ. ಮುಖಪುಟದ ಚಿತ್ರದಲ್ಲಿ ಹರಕು ಬಾವುಟ ಹಿಡಿದ ಒಬ್ಬನಿದ್ದಾನೆ. ಬಾವುಟದ ಇಟಾಲಿಯನ್ ಬರಹದ ಅರ್ಥ ಹೆಚ್ಚೂಕಮ್ಮಿ 'ಫಟಿಂಗರ ದಳಪತಿ'. ಬೇಡುವುದೆಲ್ಲ ವೇಷ ಅಂತ ಮೊದಲೇ ತೀರ್ಮಾನ. ಆಳುವವರ ತೀರ್ಮಾನವೂ ಅದೇ ತಾನೆ? ಆಮ್‌ಸ್ಟರ್‌ಡ್ಯಾಮಿನಲ್ಲಿ 1596ರಲ್ಲೇ ಬೇಡುವವರನ್ನೂ ಅಲೆಮಾರಿಗಳನ್ನೂ ಕೂಡಿಹಾಕಿ, ಬಣ್ಣಕ್ಕಾಗಿ ಗಟ್ಟಿ ಮರ ಉಜ್ಜಿಸಿ ಪುಡಿ ಮಾಡಿಸುವ ಸೆರೆಮನೆ ತೆರೆದಿದ್ದರು.

ಇದೇ ಕಾಲೊ 1633ರಲ್ಲಿ ಯುದ್ಧದ ಸಂಕಟಗಳನ್ನು 18 ಚಿತ್ರಗಳಲ್ಲಿ ತೋರಿಸಿದ. ಅಲ್ಲಿ ಕೈಕಾಲು ಕಳಕೊಂಡ ಸಿಪಾಯಿಗಳು ಆಸ್ಪತ್ರೆಯ ಮುಂದೆ ತೆವಳುತ್ತಾರೆ, ದಾರಿಬದಿಯಲ್ಲಿ ಬೇಡುತ್ತ ಸಾಯುತ್ತಾರೆ. ಕಾಗದ ಬಿಳಿಯಾಗಿ ಉಳಿದಿಲ್ಲ. ಬಡತನಕ್ಕೊಂದು ಕಾರಣ ಸಿಕ್ಕಿದೆ.

ರೆಂಬ್ರಾಂಟನ ಕತೆ ಬೇರೆ. 1630ರಲ್ಲಿ, ಇನ್ನೂ ಲೈಡನ್ನಿನಲ್ಲಿದ್ದಾಗ, ದಿಬ್ಬದ ಮೇಲೆ ಕೂತು ಕೈಚಾಚಿದ ಭಿಕ್ಷುಕನಿಗೆ ತನ್ನದೇ ಮುಖ ಕೊಟ್ಟ. ಇಂಥದ್ದು ಕಂಡರೆ ನಮ್ಮ ವಿಮರ್ಶಕರು 'ಪರಕಾಯ ಪ್ರವೇಶ' ಅಂತ ಕರಗಿಬಿಡುತ್ತಾರೆ. ನನಗೆ ಪೂರಾ ಒಪ್ಪಿಗೆಯಿಲ್ಲ. ಗಿರಣಿಯವನ ಮಗ ಆ ವೇಷವನ್ನು ಸಂಜೆಗೆ ಕಳಚಿಡಬಲ್ಲ, ಭಿಕ್ಷುಕ ಕಳಚಲಾರ. 1933ರ 'ಚೋಮನ ದುಡಿ'ಯ ಬಗ್ಗೆ ನಾವು ಕೇಳುವುದೂ ಇದನ್ನೇ: ಕಾರಂತರ ಕಾಳಜಿ ದೊಡ್ಡದು, ಆದರೆ ನೋಡುವ ಕಣ್ಣು ಯಾವ ದಿಕ್ಕಿನದು? ಒಂದು ಮಾತು ಮಾತ್ರ ಒಪ್ಪಬೇಕು. ರೆಂಬ್ರಾಂಟನ ಭಿಕ್ಷುಕ ಬಾಯಿ ತೆರೆದು ಗದರುತ್ತಿದ್ದಾನೆ. ದೈನ್ಯ ಇಲ್ಲ.

ನಾನು ಮತ್ತೆ ಮತ್ತೆ ನೋಡುವುದು ಅವನದೇ 1648ರ ಎಚಿಂಗನ್ನು. ಬೆನ್ನಿಗೆ ಮಗು ಕಟ್ಟಿಕೊಂಡ ಹೆಂಗಸು, ಒಬ್ಬ ಹುಡುಗ, ಕೈಯಿಂದ ತಿರುಗಿಸುವ ತಂತಿವಾದ್ಯ ಹೊತ್ತ ಮುದುಕ. ಬಾಗಿಲ ಒಳಗೆ ಮನೆಯ ಯಜಮಾನ. ಇಲ್ಲಿ ಕೊಡುವವನಿಗೂ ಮುಖವಿದೆ. ಹೆಂಗಸಿನ ಅಂಗೈಗೆ ಅವನು ಕಾಸು ಹಾಕುತ್ತಿದ್ದಾನೆ, ಹೊಸ್ತಿಲು ಇದ್ದಲ್ಲೇ ಇದೆ.